ಘಟ್ಟ ಇಳಿದ ಮೇಣ

ಲೋಟದಲ್ಲಿ ಮೇಣದಬತ್ತಿ ಮಾಡುವ ಹುಚ್ಚು ನನಗೆ ಹತ್ತಿದ್ದು ಒಂದು ಡಿಸೆಂಬರಿನಲ್ಲಿ. ಹತ್ತಿದ ಮೇಲೆ ಕೇಳಬೇಕೆ! ಮನೆಯ ಗಾಜಿನ ಲೋಟಗಳೆಲ್ಲ ನನ್ನ ಮೇಜು ಸೇರಿದವು. ಗಂಡ ಗೊಣಗುತ್ತಲೇ ಸ್ಟೀಲ್ ಲೋಟದಲ್ಲಿ ಕಾಫಿ ಕುಡಿದ.

ಅದೇ ಹೊತ್ತಿಗೆ ಘಟ್ಟದ ಕೆಳಗೆ, ಪುತ್ತೂರಿನ ಕಡೆಗೆ ಕೊಟ್ಟಿದ್ದ ನನ್ನ ತಂಗಿಯ ಮಗುವಿನ ನಾಮಕರಣ ನಿಶ್ಚಯವಾಯಿತು. ಬಂದವರಿಗೆ ಕೊಡಲು ಅವಳ ಅತ್ತೆ ಪೇಟೆಯಿಂದ ಸ್ಟೀಲ್ ಡಬ್ಬಿ ತರಿಸಲು ಹೊರಟಿದ್ದರು. ತಂಗಿ ಅಡ್ಡ ಬಂದು, ಅದು ಬೇಡ, ನಮ್ಮಕ್ಕ ಮೇಣದಬತ್ತಿ ಮಾಡಿಕೊಡುತ್ತಾಳೆ ಎಂದುಬಿಟ್ಟಿದ್ದಳು. ಆ ಮನೆಯಲ್ಲಿ ಅವಳು ಬಾಯಿಬಿಟ್ಟು, ಹೀಗೆ ಮಾಡೋಣ ಎಂದದ್ದು ಅದೇ ಮೊದಲು.

"ನನ್ನ ಮರ್ಯಾದೆ ನಿನ್ನ ಕೈಲೈತೆ ಕಣೆ ಅಕ್ಕ" ಎಂದಳು ಫೋನಿನಲ್ಲಿ.

ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಘಟ್ಟದ ಮೇಲೆ ನಮ್ಮ ಕಡೆ ಚಳಿಗಾಲದಲ್ಲಿ ತೆಂಗಿನೆಣ್ಣೆ ಬಾಟಲಿಯೊಳಗೇ ಬೆಳ್ಳಗೆ ಗಟ್ಟಿಯಾಗಿ ಕೂತಿರುತ್ತದೆ. ತಲೆಗೆ ಹಚ್ಚಬೇಕೆಂದರೆ ಬಾಟಲಿಯನ್ನು ಒಲೆಯ ಪಕ್ಕ ಇಟ್ಟು ಕಾಯಬೇಕು. ಇಂಥ ವಸ್ತು ಮನೆಯಲ್ಲೇ ಇರುವಾಗ ಅಂಗಡಿಯ ಮೇಣ ಯಾಕೆ ಬೇಕು? ಎಣ್ಣೆಗೆ ಒಂದು ಚೂರು ಜೇನುಮೇಣ ಕರಗಿಸಿ ಸೇರಿಸಿ, ಬತ್ತಿ ನಿಲ್ಲಿಸಿ, ಲೋಟಕ್ಕೆ ಹೊಯ್ದೆ. ಬೆಳಗ್ಗೆ ಎದ್ದು ನೋಡಿದರೆ ಆಹಾ, ಬಿಳಿ ಅಂದರೆ ಬಿಳಿ! ಎಲ್ಲೂ ಒಂದು ಬಿರುಕಿಲ್ಲ, ಗಾಜಿಗೂ ಮೇಣಕ್ಕೂ ನಡುವೆ ಕೂದಲೆಳೆಯಷ್ಟು ಸಂದಿಯಿಲ್ಲ. ತಂಗಿಯ ಅತ್ತೆಗೆ ತೋರಿಸದೆ ನಿದ್ದೆ ಬರುವಂತಿರಲಿಲ್ಲ.

ಸಕಲೇಶಪುರದಲ್ಲಿ ಹಗಲಿನ ರೈಲು ಹತ್ತಿ, ಲೋಟಗಳ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಎದುರು ಸೀಟಿನ ಹೆಂಗಸಿಗೆ, ಅವಳು ಕೇಳದಿದ್ದರೂ, ಮುಚ್ಚಳ ತೆಗೆದು ತೋರಿಸಿದೆ. ನಡುಘಟ್ಟದ ಎಡಕುಮೇರಿ ಸ್ಟೇಷನ್ನಿನವರೆಗೆ ಎಲ್ಲ ಸರಿಯಿತ್ತು. ಅಲ್ಲಿಂದ ಸುರಂಗಗಳನ್ನು ದಾಟುತ್ತ ಇಳಿದಂತೆ ಮೊದಲು ಸ್ವೆಟರ್ ಬಿಚ್ಚಿದೆ, ಆಮೇಲೆ ಸೆರಗಿನಿಂದ ಗಾಳಿ ಹಾಕಿಕೊಂಡೆ. ಘಟ್ಟ ಮುಗಿಯುವಷ್ಟರಲ್ಲಿ ಸೀರೆ ತೊಡೆಗೆ ಅಂಟಿಕೊಂಡಿತ್ತು. ಡಬ್ಬ ತೆಗೆದರೆ ಮೇಣವೆಲ್ಲಿ? ಬತ್ತಿಗಳು ಎಣ್ಣೆಯಲ್ಲಿ ಅಡ್ಡಡ್ಡ ಮಲಗಿದ್ದವು. ಎದುರಿನ ಹೆಂಗಸು ಪಾಪ, ಕಿಟಕಿಯ ಹೊರಗೆ ನೋಡತೊಡಗಿದಳು.

ತಂಗಿಯ ಅತ್ತೆ ಬಿದ್ದು ಬಿದ್ದು ನಕ್ಕರು. ಸೋರಿ ಉಳಿದ ಎಣ್ಣೆಯನ್ನು ದೇವರ ದೀಪಕ್ಕೆ ಬಗ್ಗಿಸಿಕೊಂಡು, "ಘಟ್ಟದವರಿಗೆ ನಮ್ಮ ಸೆಕೆ ಗೊತ್ತಿಲ್ಲ ಮಾರಾಯ್ತಿ. ಡಬ್ಬಿಯೇ ತರಿಸುವ" ಎಂದರು. ತಂಗಿ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಡಬ್ಬಿಗೆ ಈಗಲೇ ಹೇಳಬೇಡಿ, ಇನ್ನೊಂದು ಸಲ ತಂದು ತೋರಿಸುತ್ತೇನೆ, ಅದೂ ಕರಗಿದರೆ ನೀವು ಹೇಳಿದ ಹಾಗೇ ಆಗಲಿ ಎಂದು ಗೋಗರೆದು ಬಂದೆ.

ಊರಿಗೆ ಬಂದವಳೇ ಹಠ ಹಿಡಿದೆ. ಕರಗುವುದಲ್ಲವೆ ತೊಂದರೆ, ಬರೀ ಜೇನುಮೇಣವನ್ನೇ ಹೊಯ್ದೆ. ಅದು ಕಲ್ಲಿನಂತಾಯಿತು. ಕಾಫಿ ಬೀಜ ಒಣಗಿತೋ ಇಲ್ಲವೋ ಎಂದು ಕಚ್ಚಿಯೇ ಹೇಳುವ ನನ್ನ ಗಂಡ ಇದನ್ನೂ ಒಂದು ಚೂರು ಕಚ್ಚಿ, ಉಗಿದು, ಲೋಟವನ್ನು ಬೆಳಕಿಗೆ ಹಿಡಿದ. "ಗಟ್ಟಿ ಏನೋ ಐತೆ. ಆದ್ರೆ ಲೋಟದ ಕೈ ಬುಟ್ಟೈತೆ ನೋಡು" ಎಂದ. ನೋಡಿದರೆ ಹೌದು, ಮೇಣ ಕುಗ್ಗಿ ಸುತ್ತಲೂ ಗಾಜಿನಿಂದ ಬಿಟ್ಟುಕೊಂಡಿತ್ತು. ಹಚ್ಚಿದರೆ ಬತ್ತಿ ತನ್ನ ಸುತ್ತ ಬಾವಿ ತೋಡಿಕೊಂಡು ಆರಿಹೋಯಿತು.

ಆಗ ನನ್ನ ತಲೆಗೆ ಹೊಳೆಯಿತು. ಲೋಟದೊಳಗಿರುವ ಮೇಣ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕಿಲ್ಲ, ಲೋಟ ಹಿಡಿದುಕೊಳ್ಳುತ್ತದೆ. ಅದು ಮೆತ್ತಗೇ ಇರಬೇಕು, ಆದರೆ ಕೆಳಗಿನ ಸೆಕೆಗೆ ನೀರಾಗಬಾರದು. ಆಲೂರಿನ ಅಂಗಡಿಯವರು ಹಾಸನದಿಂದ ಸೋಯಾ ಮೇಣ ತರಿಸಿಕೊಟ್ಟರು. ತೆಳ್ಳನೆಯ ಬಿಳಿ ಚಕ್ಕೆಗಳು, ಬೆರಳಲ್ಲಿ ಒತ್ತಿದರೆ ಬೆಣ್ಣೆಯ ಹಾಗೆ. ಹೊಯ್ದು ನೋಡಿದರೆ ಗಾಜನ್ನು ಗಟ್ಟಿಯಾಗಿ ತಬ್ಬಿಕೊಂಡಿತು! ಕುಣಿಯುವುದೊಂದು ಬಾಕಿ.

ಆದರೆ ಪುತ್ತೂರಿನ ಸೆಕೆಯನ್ನು ಈ ಚಳಿಯಲ್ಲಿ ಎಲ್ಲಿಂದ ತರಲಿ? ಕಾಫಿ ಒಣಗಿಸುವ ಕಣದ ನಡುವೆ ಜೀಪು ನಿಲ್ಲಿಸಿ, ಗಾಜು ಏರಿಸಿ, ಮಟಮಟ ಮಧ್ಯಾಹ್ನ ಒಳಗೆ ಎರಡು ಬಗೆಯ ಲೋಟ ಇಟ್ಟೆ. ಕಾಫಿ ಹರವುತ್ತಿದ್ದ ಹೆಂಗಸರು ನನಗೆ ತಲೆ ಕೆಟ್ಟಿದೆ ಎಂದೇ ತೀರ್ಮಾನಿಸಿದರು. ಬರೀ ಸೋಯಾ ಹೊಯ್ದದ್ದು ಮೇಲೆಲ್ಲ ಎಣ್ಣೆ ಜಿನುಗಿ ಬೆವೆತಿತ್ತು. ಸ್ವಲ್ಪ ಜೇನುಮೇಣ ಬೆರೆಸಿದ ಲೋಟ ಮಾತ್ರ ಕದಲಲಿಲ್ಲ. ಹಚ್ಚಿದಾಗ ಅಂಚಿನವರೆಗೂ ಸಮನಾಗಿ ಕರಗಿ ಉರಿಯಿತು. ಖುಷಿಗೆ ಕಣದಲ್ಲೇ ಕೂಗಿದೆ.

ನಾಮಕರಣಕ್ಕೆ ಎರಡು ದಿನ ಮೊದಲೇ ಎಲ್ಲ ಲೋಟಗಳನ್ನೂ ತುಂಬಿಕೊಂಡು ಮತ್ತೆ ರೈಲು ಹತ್ತಿದೆ. ಎಡಕುಮೇರಿ ದಾಟಿದ ಮೇಲೆ ಉಸಿರು ಬಿಗಿಹಿಡಿದು ಒಂದು ಲೋಟ ವಾಲಿಸಿದೆ. ಮೇಣ ಅಲ್ಲಾಡಲಿಲ್ಲ. ತಂಗಿಯ ಮನೆ ಸೇರಿದ ಕೂಡಲೇ ಅವಳ ಅತ್ತೆ ಒಂದನ್ನು ಅಂಗಳದ ಬಿಸಿಲಿಗೆ ಇಟ್ಟರು. ತಂಗಿ ಬಾಗಿಲಿಗೆ ಆತು ನಿಂತಿದ್ದಳು. ಊಟ ಮುಗಿಸಿ ಬಂದು ಅತ್ತೆ ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿ, ಒಳಗೆ ಹೋಗಿ ಲೋಟಗಳನ್ನು ಒರೆಸಲು ಒಂದು ಬಟ್ಟೆ ತಂದರು.

ನಾಮಕರಣದ ದಿನ ಲೋಟ ಹಂಚಲು ತಂಗಿ ಕೈ ಚಾಚಿದರೆ ಅತ್ತೆ ಬಿಡಬೇಕಲ್ಲ! ಒಬ್ಬೊಬ್ಬರ ಮುಂದೆಯೂ ಲೋಟವನ್ನು ತಲೆಕೆಳಗಾಗಿ ಹಿಡಿದು ತೋರಿಸುತ್ತಿದ್ದರು.

"ಡಬ್ಬಿ ಬೇಡ ಅಂತ ಹೇಳಿದ್ದೇ ನಮ್ಮ ಸೊಸೆ" ಎನ್ನುತ್ತಿದ್ದರು.