ಗುಜರಿಗೆ ಹೋಗದ ಕೈಪಂಪು

ಅವರ ಒಂದು ಹೆಬ್ಬೆರಳಿನ ಉಗುರು ಇದ್ದಿಲಿನಂತೆ ಕಪ್ಪಾಗಿತ್ತು. ಯಾವ ಕೈಯದು ಎಂದು ಕೇಳಿದರೆ ಹೇಳಲಾರೆ. ಬಲಗೈಯದೆಂದು ಬಹಳ ವರ್ಷ ನಂಬಿದ್ದೆ. ಈಚೆಗೆ ಕಣ್ಣು ಮುಚ್ಚಿದರೆ ಎಡಗೈಯೇ ಮುಂದೆ ಬರುತ್ತದೆ. ಇಲ್ಲಿ ಬರೆಯುವ ಸಂಗತಿಯೂ ಹಾಗೆಯೇ. ಗೆಳೆಯರಿಗೆ ಎಷ್ಟೋ ಸಲ ಹೇಳಿದ್ದೇನೆ, ಹೇಳಿದಾಗಲೆಲ್ಲ ಅದು ಸ್ವಲ್ಪ ಬೆಳೆದಿದೆ. ನಡೆದದ್ದೆಷ್ಟು, ನಾನು ಸೇರಿಸಿದ್ದೆಷ್ಟು ಎಂಬ ಅನುಮಾನ ನನಗೇ ಇದೆ.

ಐವತ್ತರ ದಶಕದ ಕೊನೆ. ಮೈಸೂರಿನಲ್ಲಿ ಎಂ.ಎ. ಮುಗಿಸಿ ಬಂದವನು, ಬೇರೆ ಕೆಲಸ ಸಿಗುವವರೆಗೆ ಎಂದು ಶಿವಮೊಗ್ಗದ ಪುರಸಭೆಯಲ್ಲಿ ಹಂಗಾಮಿ ಗುಮಾಸ್ತನಾಗಿದ್ದೆ. ಆ ಕಪ್ಪು ಉಗುರಿನವರು ಪುರಸಭೆಯ ಸದಸ್ಯರು. ಭದ್ರಾವತಿ ರಸ್ತೆಯಲ್ಲಿ ಲಾರಿ ರಿಪೇರಿಯ ಶೆಡ್ಡು ಇಟ್ಟಿದ್ದರು. ಊರಿಗೆಲ್ಲ ಅವರು ಮೆಂಬರ್ ಸಾಹೇಬರು. ಮನೆಯಲ್ಲಿ ದಖನಿ ಉರ್ದು, ಶೆಡ್ಡಿನಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಸಭೆಗೆ ಇಸ್ತ್ರಿ ಮಾಡಿದ ಬಿಳಿ ಜುಬ್ಬ ತೊಟ್ಟು ಬರುತ್ತಿದ್ದರು. ಗ್ರೀಸಿನ ವಾಸನೆ ಮಾತ್ರ ಅವರಿಗಿಂತ ಮೊದಲೇ ಒಳಗೆ ಬಂದಿರುತ್ತಿತ್ತು.

ಆ ವರ್ಷ ಕೆಲವು ಬೀದಿಗಳಿಗೆ ನಲ್ಲಿ ಬಂತು. ಬಾವಿಗಳ ಮೇಲಿದ್ದ ಹನ್ನೊಂದು ಕೈಪಂಪುಗಳನ್ನು ಕಿತ್ತು ತಂದು ಕಚೇರಿಯ ಹಿತ್ತಲಲ್ಲಿ ಹಾಕಿದರು. ಬೇಡವಾದ ಸಾಮಾನಿನ ಪಟ್ಟಿ ಮಾಡುವುದು ನನ್ನ ಕೆಲಸ. 'ಉಪಯುಕ್ತ' ಎಂದು ಬರೆದದ್ದನ್ನು ಅಗತ್ಯವಿದ್ದವರಿಗೆ ಸಭೆ ಪುಕ್ಕಟೆ ಕೊಡಬಹುದಿತ್ತು. 'ನಿರುಪಯುಕ್ತ' ಎಂದದ್ದು ಭದ್ರಾವತಿ ಓಲ್ಡ್ ಟೌನಿನ ಗುಜರಿಯವನಿಗೆ. ನಾನು ಒಂದು ಪಂಪಿನ ಹಿಡಿಯನ್ನು ನಾಲ್ಕು ಸಲ ಒತ್ತಿದೆ. ಗೊರಗೊರ ಎಂದಿತು, ನೀರು ಬರಲಿಲ್ಲ. ಉಳಿದ ಹತ್ತನ್ನು ಮುಟ್ಟಲೇ ಇಲ್ಲ. ಹನ್ನೊಂದಕ್ಕೂ 'ನಿರುಪಯುಕ್ತ' ಎಂದು ಬರೆದುಬಿಟ್ಟೆ.

ಮರುದಿನ ಮಲವಗೊಪ್ಪದಿಂದ ಒಬ್ಬ ನಡುವಯಸ್ಸಿನ ಹೆಂಗಸು ಅರ್ಜಿ ಹಿಡಿದು ಬಂದಳು. ತಮ್ಮ ಕೇರಿಗೆ ಒಂದು ಪಂಪು ಬೇಕಂತೆ.

"ಎಲ್ಲ ಕೆಟ್ಟಿವೆ ಕಣಮ್ಮ. ನಾಳಿದ್ದು ಸಭೆ ಒಪ್ಪಿದರೆ ಗುಜರಿಗೆ ಹೋಗ್ತವೆ," ಎಂದೆ.

"ಕೆಟ್ಟಿದ್ದೇ ಒಂದು ಕೊಡಿ ಸ್ವಾಮಿ. ನಮ್ಮ ಬಾವಿಗೆ ಕಟ್ಟೆ ಇಲ್ಲ. ಹೋದ ತಿಂಗಳು ನನ್ನ ಸೊಸೆ ಸೇದೋಕೆ ಹೋಗಿ ಜಾರಿದ್ಲು. ಬಸುರಿ. ಹಗ್ಗ ಕೈಲಿತ್ತು, ಉಳ್ಕೊಂಡ್ಲು. ಪಂಪು ಕೂರಿಸಿದ್ರೆ ಬಾವಿ ಬಾಯಿ ಮುಚ್ಚಬಹುದು."

ಬಾಗಿಲಲ್ಲಿ ಮೆಂಬರ್ ಸಾಹೇಬರು ನಿಂತಿದ್ದರು.

"ಪಂಪು ಕೆಟ್ಟಿದೆ ಅಂತ ಯಾರು ನೋಡಿದ್ದು?"

"ನಾನೇ ಸಾಹೇಬ್ರೇ. ಒತ್ತಿ ನೋಡಿದೆ, ನೀರು ಬರಲಿಲ್ಲ."

"ಅರೆ ಮಾರಾಯ, ನೆಲದ ಮೇಲೆ ಬಿದ್ದಿರೋ ಪಂಪು ನೀರು ಎಲ್ಲಿಂದ ತರ್ತದೆ? ನಿಮ್ಮ ಎಂ.ಎ.ಲಿ ಬಾವಿ ಪಾಠ ಇರ್ಲಿಲ್ವಾ?"

ಆ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಸಾಹೇಬರು ಹಿತ್ತಲಿಗೆ ಹೋಗಿ ಒಂದು ಪಂಪು ಬಿಚ್ಚಿದರು. ನೀರನ್ನು ಮೇಲೆಳೆಯುವ ಒಳಗಿನ ತೊಗಲಿನ ವಾಷರನ್ನು ತೆಗೆದು ನನ್ನ ಅಂಗೈ ಮೇಲಿಟ್ಟರು. ಹಳೇ ಚಪ್ಪಲಿಯ ತುಂಡಿನಂತೆ ಸೆಟೆದುಕೊಂಡಿತ್ತು. ಕಪ್ಪು ಉಗುರಿನಿಂದ ಅದನ್ನು ತಟ್ಟಿ, "ಇದು ಸತ್ತಿಲ್ಲಪ್ಪ, ಬಾಯಾರಿದೆ," ಎಂದರು. ಉಳಿದ ಪಂಪುಗಳನ್ನೂ ಬಿಚ್ಚಿ, ಹನ್ನೊಂದು ವಾಷರುಗಳನ್ನೂ ಜೇಬಿಗೆ ತುಂಬಿಕೊಂಡು ಹೋಗಿ ಶೆಡ್ಡಿನಲ್ಲಿ ಹರಳೆಣ್ಣೆಯಲ್ಲಿ ನೆನೆಹಾಕಿದರು.

ಸಭೆಯ ದಿನ ನನ್ನ ಪಟ್ಟಿ ಓದಿದ್ದಾಯಿತು. ಕೈ ಎತ್ತುವುದೊಂದೇ ಬಾಕಿ. ಮೆಂಬರ್ ಸಾಹೇಬರು ಎದ್ದು, "ಐದು ನಿಮಿಷ ಹಿತ್ತಲಿಗೆ ಬನ್ನಿ, ಆಮೇಲೆ ಕೈ ಎತ್ತಿ," ಎಂದರು. ಅಲ್ಲಿ ನೀರಿನ ತೊಟ್ಟಿಗೆ ಒಂದು ಪಂಪಿನ ಕೊಳವೆ ಇಳಿಬಿಟ್ಟಿದ್ದರು. ಮೇಲಿನಿಂದ ಒಂದು ಚೊಂಬು ನೀರು ಹುಯ್ದು, ಹಿಡಿ ಒತ್ತಲು ಅಧ್ಯಕ್ಷರನ್ನೇ ಕರೆದರು. ಮೂರನೆಯ ಒತ್ತಿಗೆ ನೀರು ನುಗ್ಗಿ ಅಧ್ಯಕ್ಷರ ಪಂಚೆ ಮೊಣಕಾಲಿನವರೆಗೆ ಒದ್ದೆಯಾಯಿತು. ಎಲ್ಲರೂ ನಕ್ಕರು, ಅಧ್ಯಕ್ಷರೂ.

"ಈ ಪಟ್ಟಿ ಮಾಡಿದ್ದು ಯಾರು?" ಎಂದು ಅಧ್ಯಕ್ಷರು ಕೇಳಿದಾಗ ನಾನು ಮುಂದೆ ಬಂದು ತಪ್ಪೊಪ್ಪಿಕೊಂಡೆ ಎಂದು ಗೆಳೆಯರಿಗೆ ಹೇಳುತ್ತ ಬಂದಿದ್ದೇನೆ. ಬಂದಿರಲಿಕ್ಕಿಲ್ಲ. "ಮಾಡಿದವನು ಕಲಿತ, ಬಿಡಿ," ಎಂದು ಸಾಹೇಬರು ಹೇಳಿದ್ದು ಮಾತ್ರ ಕಿವಿಯಲ್ಲಿದೆ.

ಮತ್ತೊಬ್ಬ ಸದಸ್ಯರು ತಕರಾರು ತೆಗೆದರು. "ಮಲವಗೊಪ್ಪ ನಮ್ಮ ಗಡಿಯೊಳಗೆ ಇಲ್ಲವಲ್ಲ?"

"ಗುಜರಿಯವನ ಅಂಗಡಿ ಭದ್ರಾವತೀಲಿದೆ ಸ್ವಾಮಿ. ಅವನಿಗೆ ಕೊಡೋವಾಗ ಗಡಿ ಎಲ್ಲಿ ಹೋಗಿತ್ತು?"

ಏಳು ಪಂಪುಗಳು ಗುಣವಾದವು. ಮೊದಲನೆಯದು ಮಲವಗೊಪ್ಪಕ್ಕೆ ಹೋಯಿತು. ಯಾವ ಸಾಮಾನನ್ನೇ ಆಗಲಿ, ಕೊಡುವ ಮೊದಲು ಒಬ್ಬ ಸದಸ್ಯರು ಮುಟ್ಟಿ ನೋಡಬೇಕು, ಕೊಟ್ಟ ಮೇಲೆ ವರ್ಷಕ್ಕೊಮ್ಮೆ ಇದ್ದಲ್ಲಿಗೇ ಹೋಗಿ ನೋಡಬೇಕು ಎಂದು ಸಭೆ ಅವತ್ತೇ ನಿರ್ಣಯ ಮಾಡಿತು.

ಆಗ ನಾನು ಏನನ್ನೂ ನಂಬದ ವಯಸ್ಸಿನವನು. ಗಾಡಿಗೆ ಪಂಪು ಏರಿಸುವಾಗ ಕೇಳಿಯೇಬಿಟ್ಟೆ: "ಕೊಡೋವರೆಗೆ ಸರಿ ಸಾಹೇಬ್ರೇ. ಆಮೇಲೆ ಯಾರು ಹೋಗಿ ನೋಡ್ತಾರೆ? ನಿರ್ಣಯ ಪುಸ್ತಕದಲ್ಲೇ ಇರುತ್ತೆ."

"ನಾನು ಹೋಗ್ತೀನಿ," ಎಂದರು, ಹಗ್ಗದ ಗಂಟು ಬಿಗಿಯುತ್ತ.

ಕೆಲವೇ ತಿಂಗಳಲ್ಲಿ ನನಗೆ ಬೇರೆ ಊರಿನ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಅರವತ್ತರ ದಶಕದ ನಡುವೆ ಅವರು ತೀರಿಕೊಂಡ ಸುದ್ದಿ ಕಾಗದದಲ್ಲಿ ಬಂತು. ಓದಿ ದುಃಖವಾಯಿತು, ಹಳೆಯ ಪ್ರಶ್ನೆಯೂ ಎದ್ದಿತು. ನಿಜವಾಗಿ ಹೋದರೇ? ಹೋಗಿರಲಿಕ್ಕಿಲ್ಲ ಎಂದು ನನ್ನ ಓದು ಹೇಳುತ್ತಿತ್ತು. ಆದರೂ ಅಂದಿನಿಂದ ವಿದ್ಯಾರ್ಥಿಗಳ ಒಂದು ಉತ್ತರಪತ್ರಿಕೆಯನ್ನೂ ಪೂರ್ತಿ ಓದದೆ ಅಂಕ ಹಾಕಿಲ್ಲ. 'ನಿರುಪಯುಕ್ತ' ಎಂಬ ಆ ಪದ ಇಂದಿಗೂ ನನ್ನ ಕೈ ತಡೆಯುತ್ತದೆ.

ಬಹಳ ವರ್ಷಗಳ ನಂತರ ಶಿವಮೊಗ್ಗಕ್ಕೆ ಹೋದಾಗ ಕಚೇರಿಯ ಹಳೆಯ ಕಡತ ತೆಗೆಸಿ ನೋಡಿದೆ. ನನ್ನ ಪಟ್ಟಿ ಇತ್ತು. ಅದರ ಹಿಂದೆ ದಾರ ಪೋಣಿಸಿ ಕಟ್ಟಿದ ಆರು ಚೀಟಿಗಳು, ವರ್ಷಕ್ಕೊಂದು. ಉರ್ದು ಶಾಲೆಯಲ್ಲಿ ಕಲಿತವರು ಕನ್ನಡದಲ್ಲಿ ದಪ್ಪದಪ್ಪಗೆ ಬರೆದ ಅಕ್ಷರ. ಕೊನೆಯ ಚೀಟಿಯಲ್ಲಿ ಕೈ ನಡುಗಿತ್ತು. ಆರರಲ್ಲೂ ಇದ್ದದ್ದು ಒಂದೇ ಸಾಲು: "ಮಲವಗೊಪ್ಪ ನೋಡಿದೆ. ನೀರು ಬರುತ್ತದೆ."