ಪೈಪಣ್ಣ ಬಣ್ಣ ಸುರಿದ ದಿನ

ಕೆರೆಯ ದಂಡೆಗೆ ಸಾಲಾಗಿ ನಿಂತ ಹದಿನೇಳು ಲಾಡ್ಜುಗಳಲ್ಲಿ ಹನ್ನೆರಡಕ್ಕೆ ನಲ್ಲಿ, ಪೈಪು ಹಾಕಿದವನು ಒಬ್ಬನೇ. ಊರಿಗೆಲ್ಲ ಅವನು ಪೈಪಣ್ಣ. ಮೂವತ್ತು ವರ್ಷ ಅವನು ಮಾಲೀಕರು ಹೇಳಿದ ಕಡೆಗೆ ಪೈಪು ತಿರುಗಿಸಿದ. "ಕಕ್ಕಸು ಗುಂಡಿ ಬೇಗ ತುಂಬುತ್ತೆ, ಹೆಚ್ಚಾಗಿದ್ದು ಕೆರೆಗೆ ಹೋಗ್ಲಿ ಬಿಡು" ಎಂದರೆ ಬಿಟ್ಟ. ಯಾವ ಮೆಟ್ಟಿಲ ಕೆಳಗೆ, ಯಾವ ಹೂವಿನ ಪಾತಿಯ ಕೆಳಗೆ ಗುಟ್ಟಿನ ಪೈಪು ಮಲಗಿದೆ ಎಂಬುದು ಅವನಿಗೆ ಅಂಗೈ ಗೆರೆಯಷ್ಟೇ ಚೆನ್ನಾಗಿ ಗೊತ್ತಿತ್ತು.

ಕೆರೆ ನಾರತೊಡಗಿತು. ಪ್ರವಾಸಿಗಳು ಕಿಟಕಿ ತೆರೆದು ಮೂಗು ಮುಚ್ಚಿಕೊಂಡರು. ಆಗ ಲಾಡ್ಜುಗಳನ್ನು ಪರಿಸರಸ್ನೇಹಿ ಮಾಡಲು ನೆರವಾಗುವ ಕಚೇರಿಯೊಂದು ಬಸ್ ನಿಲ್ದಾಣದ ಮೇಲಿನ ಎರಡು ಕೋಣೆಗಳಲ್ಲಿ ಶುರುವಾಯಿತು. ಅಲ್ಲಿಗೆ ಬಂದ ಮೇಡಂ ಪೈಪಣ್ಣನ ಮಗಳ ವಯಸ್ಸಿನವಳು. ಅವಳು ಅವನನ್ನೇ ಸಲಹೆಗಾರನಾಗಿ ಕರೆದಳು. ಅವನು ಒಪ್ಪಿದ್ದು ಪುಣ್ಯಕ್ಕಲ್ಲ. ನೆಲದಡಿ ತೆವಳಲು ಮೊಣಕಾಲು ಒಪ್ಪುತ್ತಿರಲಿಲ್ಲ, ಅಷ್ಟೇ.

ಹೇಳಬೇಕಾದದ್ದು ದೊಡ್ಡದೇನಲ್ಲ. ಅಡುಗೆಮನೆಯ ನೀರಿಗೆ ಜಿಡ್ಡು ತಡೆಯುವ ತೊಟ್ಟಿ ಕಟ್ಟಿ. ಸ್ನಾನದ ನೀರನ್ನು ಜಲ್ಲಿ, ಜೊಂಡಿನ ಮಡಿಯಲ್ಲಿ ಹಾಯಿಸಿ ತೋಟಕ್ಕೆ ಬಿಡಿ. ಕೆರೆಗೆ ಹೋಗುವ ಪೈಪು ಮುಚ್ಚಿ. ಮೊದಲ ಲಾಡ್ಜಿನ ಮಾಲೀಕ ಕುರ್ಚಿಯನ್ನೂ ತೋರಿಸಲಿಲ್ಲ.

"ಹಾಕಿದೋನೂ ನೀನೇ, ಈಗ ತಪ್ಪು ಅನ್ನೋನೂ ನೀನೇ. ಮಗೂನ ಚಿವುಟಿ ತೊಟ್ಟಿಲು ತೂಗೋಕೆ ಬಂದ್ಯಾ?"

ಮಾತು ನಿಜವಾಗಿತ್ತು. ಪೈಪಣ್ಣ ಚೀಲ ಹೆಗಲಿಗೇರಿಸಿ ಮುಂದಿನ ಲಾಡ್ಜಿಗೆ ನಡೆದ.

ಎರಡನೆಯ ಕಡೆ ಅವನ ಚೀಲವನ್ನು ಎತ್ತಿ ಕಸದ ಡಬ್ಬಕ್ಕೆ ಹಾಕಿದರು. ಮೂರನೆಯ ಕಡೆ ಮೇಲಿನ ಮಹಡಿಯಿಂದ ಅಡುಗೆಯವನು ಪಾತ್ರೆ ತೊಳೆದ ನೀರನ್ನು ಸರಿಯಾಗಿ ಅವನ ತಲೆಗೆ ಸುರಿದು, "ಅಯ್ಯೋ, ಕೆರೆಗೆ ಹೋಗಬಾರ್ದಲ್ಲ ಅಂತ ಇಲ್ಲಿ ಚೆಲ್ಲಿದೆ ಅಣ್ಣ" ಎಂದ. ಬೀದಿಯೇ ನಕ್ಕಿತು. ಅಲ್ಲಿಯವರೆಗೆ ಅದು ಅವನಿಗೆ ಬರೀ ಕೆಲಸವಾಗಿತ್ತು. ಆ ಎಂಜಲು ನೀರು ಕತ್ತಿನಿಂದ ಬೆನ್ನಿಗಿಳಿದಾಗ ಹಟವಾಯಿತು.

ಮನೆಯಲ್ಲಿ ಹೆಂಡತಿ ಟವೆಲನ್ನು ಅವನತ್ತ ಎಸೆದಳು. "ಊರೋರ ಜೊತೆಗೆಲ್ಲ ಹಗೆ ಕಟ್ಕೊಳ್ಳಿ. ನಾಳೆ ನಮ್ಮನೆ ನಲ್ಲಿ ಸೋರಿದ್ರೂ ರಿಪೇರಿಗೆ ಯಾರೂ ಬರಲ್ಲ."

"ನಾನೇ ಇದ್ದೀನಲ್ಲೇ."

"ನೀವು ಮಾಡಿದ ರಿಪೇರಿ ನೋಡ್ತಾ ಇದ್ದೀನಲ್ಲ!"

ಸಾಲಿನಲ್ಲಿ ಎಲ್ಲಕ್ಕಿಂತ ದೊಡ್ಡ ಲಾಡ್ಜು ಅವನ ಭಾವನದು. ತಾಯಿ ತೀರಿಕೊಂಡ ಮೇಲೆ ಪೈಪಣ್ಣನನ್ನು ಎತ್ತಿ ಆಡಿಸಿದ ಅಕ್ಕ ಆ ಮನೆಯ ಯಜಮಾನಿ. ಬಾಗಿಲಲ್ಲಿ ಹಸಿರು ಎಲೆಯ ಚಿತ್ರದ ಬೋರ್ಡು, ಬಚ್ಚಲಲ್ಲಿ "ಟವೆಲ್ ಮತ್ತೆ ಬಳಸಿ, ಕೆರೆ ಉಳಿಸಿ" ಎಂಬ ಚೀಟಿ. ದೋಣಿಕಟ್ಟೆಯ ಕೆಳಗೆ ಮಾತ್ರ ಪೈಪಣ್ಣನೇ ಹಾಕಿದ ದಪ್ಪ ಪೈಪು. ಅದನ್ನು ಮುಚ್ಚೋಣ ಎಂದು ಊಟದ ಮೇಜಿನ ಮುಂದೆ ಕೂತು ಮೆಲ್ಲಗೆ ಕೇಳಿದಾಗ ಭಾವ ತಟ್ಟೆ ತಳ್ಳಿದ. "ಉಂಡ ಮನೆಗೆ ಎರಡು ಬಗೀತೀಯಾ?" ಪೈಪಣ್ಣ ಅಕ್ಕನ ಮುಖ ನೋಡಿದ. ಅವಳು ಅವನ ಅರ್ಧ ಉಂಡ ತಟ್ಟೆಯನ್ನು ತೆಗೆದುಕೊಂಡು ಒಳಗೆ ಹೋದಳು, ತಿರುಗಿ ಬರಲಿಲ್ಲ.

ಮುಂದಿನ ವಾರ ಲಾಡ್ಜು ಮಾಲೀಕರ ಸಂಘದ ಸಭೆ ಭಾವನ ಊಟದ ಹಾಲಿನಲ್ಲೇ ಸೇರಿತು. ಭಾವನೇ ಅಧ್ಯಕ್ಷ. ಪಕ್ಕದ ಲಾಡ್ಜಿನ ಬೋಳುತಲೆಯ ಮಾಲೀಕ ಅವನ ಬಲಗೈ. ಪೈಪಣ್ಣನ ಚೀಲವನ್ನು ಕಸಕ್ಕೆ ಹಾಕಿಸಿದವನು ಇವನೇ. ಪೈಪಣ್ಣನ ಜೊತೆ ಬಂದಿದ್ದ ಮೇಡಂ ಮಾತು ಮುಗಿಸುವ ಮೊದಲೇ ಭಾವ ಎದ್ದ.

"ಇವನು ನನ್ನ ಹೆಂಡ್ತಿ ತಮ್ಮ, ಹೇಳೋಕೇ ನಾಚಿಕೆ. ಕುಣಿಯೋಕೆ ಬರದೋಳು ನೆಲ ಡೊಂಕು ಅಂದಳಂತೆ. ಕೈಲಿ ಕೆಲಸ ಆಗಲ್ಲ, ಅದಕ್ಕೆ ಹಳೇ ಕೆಲಸಕ್ಕೇ ಹೆಸರಿಡ್ತಾನೆ. ನನ್ನ ಲಾಡ್ಜಿಂದ ಒಂದು ಹನಿ ಕೆರೆಗೆ ಹೋದ್ರೆ ಕಿವಿ ಕೊಯ್ದು ಕೊಡ್ತೀನಿ!"

"ಕಿವಿ ಇಟ್ಕೊಳ್ಳಿ ಭಾವ, ಹೇಳಿದ್ದು ಕೇಳಿಸ್ಕೊಳ್ಳೋಕೆ ಬೇಕಾಗುತ್ತೆ" ಎಂದು ಪೈಪಣ್ಣ ಚೀಲದಿಂದ ಒಂದು ಬಾಟಲಿ ತೆಗೆದ. ಸೋರಿಕೆ ಹುಡುಕಲು ಪ್ಲಂಬರುಗಳು ಬಳಸುವ ಬಣ್ಣ. ವಿಷವಲ್ಲ, ಆದರೆ ಕಣ್ಣಿಗೆ ರಾಚುವ ಹಸಿರು. ಎಲ್ಲರೂ ನೋಡುತ್ತಿದ್ದಂತೆ ಹಾಲಿನ ಪಕ್ಕದ ಶೌಚಾಲಯಕ್ಕೆ ಅದನ್ನು ಸುರಿದು ನೀರು ಬಿಟ್ಟ. ಸಭೆಗೆ ಸಭೆಯೇ ದೋಣಿಕಟ್ಟೆಗೆ ನಡೆಯಿತು.

ಐದು ನಿಮಿಷ. ಹತ್ತು ನಿಮಿಷ. ಕಟ್ಟೆಯ ಕೆಳಗಿನ ನೀರು ಬಣ್ಣ ಬದಲಿಸಲಿಲ್ಲ. ಪೈಪಣ್ಣ ಬಗ್ಗಿ ನೋಡಿದ. ತಾನು ಹಾಕಿದ ಪೈಪಿನ ಬಾಯಿಗೆ ಯಾರೋ ಸಿಮೆಂಟು ಬಡಿದಿದ್ದರು. ಹಾಗಾದರೆ ನೀರು ಎಲ್ಲಿಗೆ ಹೋಯಿತು? ಬೋಳುತಲೆಯವನು ಚಪ್ಪಾಳೆ ತಟ್ಟಿದ. "ಪೈಪಣ್ಣಂಗೆ ಪೈಪೇ ಕೈ ಕೊಡ್ತು!" ಭಾವ ಮೇಡಂ ಕಡೆ ತಿರುಗಿ, "ಕ್ಷಮಾಪಣೆ ಬರೆದು ಕೊಡಿ" ಎಂದ.

ಆಗ ಪಕ್ಕದ ದಡದಿಂದ ಚೀರಾಟ ಕೇಳಿಸಿತು. ಬೋಳುತಲೆಯವನ ಅತಿಥಿಗಳು ಈಜುತ್ತಿದ್ದ ಜಾಗದಲ್ಲಿ ಕಲ್ಲಿನ ಸಂದಿಯಿಂದ ಹಸಿರು ನೀರು ಉಕ್ಕುತ್ತಿತ್ತು. ಹೆಂಗಸೊಬ್ಬಳು ಮೊಣಕಾಲವರೆಗೆ ಹಸಿರಾಗಿ ದಡಕ್ಕೆ ಓಡಿದಳು. ಭಾವ ಎರಡು ವರ್ಷದ ಹಿಂದೆಯೇ ಬೇರೊಬ್ಬ ಪ್ಲಂಬರನನ್ನು ಹಿಡಿದು, ಹಳೆಯ ಪೈಪನ್ನು ಗೋಡೆಯಡಿ ತಿರುಗಿಸಿ ನೆರೆಯವನ ದಡಕ್ಕೆ ಬಿಟ್ಟಿದ್ದ.

ಬೋಳುತಲೆಯವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಎರಡು ವರ್ಷದಿಂದ ಅವನ ಅತಿಥಿಗಳು ವಾಸನೆ ಎಂದು ರೂಮು ಬಿಡುತ್ತಿದ್ದರು; ಎರಡು ವರ್ಷದಿಂದ ಭಾವ ಅವನ ಬೆನ್ನು ತಟ್ಟಿ ಸಮಾಧಾನ ಹೇಳುತ್ತಿದ್ದ. "ನಿನ್ನ ಹೇಲು ನನ್ನ ದಡಕ್ಕಾ?" ಎಂದವನೇ ಅಧ್ಯಕ್ಷರ ಕಾಲರಿಗೆ ಕೈ ಹಾಕಿದ. ಬಿಡಿಸಲು ನಾಲ್ಕು ಜನ ಬೇಕಾದರು.

ಮರುದಿನ ಕಚೇರಿಯ ಮೆಟ್ಟಿಲು ಹತ್ತಿ ಬಂದವನು ಬೋಳುತಲೆಯವನೇ. ಕೆರೆಯ ಮೇಲಿನ ಪ್ರೀತಿಗಲ್ಲ. "ನಂದೆಲ್ಲ ಸರಿ ಮಾಡು. ಆಮೇಲೆ ಅವನ ಮಾನ ಹರಾಜು ಹಾಕ್ತೀನಿ." ಅವನದನ್ನು ನೋಡಿ ಇನ್ನೊಬ್ಬ, ಇನ್ನೊಬ್ಬನ ಮೇಲಿನ ಹೊಟ್ಟೆಕಿಚ್ಚಿಗೆ ಮತ್ತೊಬ್ಬ. ಒಬ್ಬರ ಗುಟ್ಟಿನ ಪೈಪು ಒಬ್ಬರು ತೋರಿಸಿಕೊಟ್ಟರು. ಎರಡು ವರ್ಷದಲ್ಲಿ ಹದಿನಾಲ್ಕು ಲಾಡ್ಜುಗಳ ಹಿತ್ತಿಲಲ್ಲಿ ಜೊಂಡು ಬೆಳೆಯಿತು. ಯಾರೂ ಪೈಪಣ್ಣನಿಗೆ ಒಂದು ಲೋಟ ನೀರು ಕೊಡಲಿಲ್ಲ. ಅವನೂ ಕೇಳಲಿಲ್ಲ. ಅವರನ್ನು ಅವನು ಕ್ಷಮಿಸಿರಲಿಲ್ಲ. ಅವರ ಗೋಡೆಗಳ ಹಿಂದೆ ಇದ್ದ ತನ್ನ ಕೈಕೆಲಸವನ್ನೂ.

ಭಾವನ ಲಾಡ್ಜಿಗೆ ಕೊನೆಗೆ ಸರ್ಕಾರದಿಂದ ಆದೇಶವೇ ಬಂತು. ಕೆಲಸ ಮುಗಿದ ದಿನ ಪೈಪಣ್ಣ ಪರಿಶೀಲನೆಗೆ ಹೋದ. ಭಾವ ತಲೆ ಎತ್ತದೆ ಸಹಿ ಹಾಕಿದ. ಅಕ್ಕ ಕೌಂಟರಿನ ಪಕ್ಕ ಕೈಕಟ್ಟಿ ನಿಂತಿದ್ದಳು. ಅವಳ ಕೂದಲು ಬೆಳ್ಳಗಾಗಿತ್ತು. ಅವನು "ಅಕ್ಕಾ" ಎಂದ. ಅವಳು ಕೌಂಟರಿನ ಹುಡುಗಿಯ ಕಡೆ ತಿರುಗಿದಳು.

"ಆ ಪ್ಲಂಬರ್‌ಗೆ ಹೇಳು, ಹಿಂದಿನ ಬಾಗಿಲಿಂದ ಹೋಗ್ಲಿ. ಮುಂದೆ ಗೆಸ್ಟುಗಳಿದ್ದಾರೆ."

ಹುಡುಗಿ ಇಬ್ಬರನ್ನೂ ನೋಡಿದಳು. ಹೇಳುವ ಅಗತ್ಯವಿರಲಿಲ್ಲ. ಪೈಪಣ್ಣ ಕಾಗದ ಮಡಚಿ ಜೇಬಿಗಿಟ್ಟು, ಅಡುಗೆಮನೆಯ ಮೂಲಕ ಹಿತ್ತಿಲಿಗೆ ನಡೆದ.