ನೀರಿಗಿಳಿಯದವರ ಊಟ

ನಾವು ಪ್ರವಾಸ ಹೊರಟಿದ್ದ ವಿಹಾರದ ಹಡಗಿನ ಆ್ಯಪ್‌ನಲ್ಲಿ ಮರುದಿನ ತಲುಪಲಿದ್ದ ದ್ವೀಪದ ಪುಟ ತೆರೆದರೆ ಬರೀ ನೀರು. ಮುಳುಗಿ ಮೀನು ನೋಡುವುದು, ಗಾಜಿನ ತಳದ ದೋಣಿ, ಡಾಲ್ಫಿನ್ ಜೊತೆ ಫೋಟೊ. ನನ್ನ ಗಂಡ, ಮಗ ಅದಕ್ಕೆ ಆಗಲೇ ಹೆಸರು ಕೊಟ್ಟಾಗಿತ್ತು. ನಮ್ಮಮ್ಮ ಊರಿನ ಹೇಮಾವತಿ ಹೊಳೆಯಲ್ಲೂ ಮೊಣಕಾಲಿಗಿಂತ ಮೇಲೆ ನೀರಿಗಿಳಿದವಳಲ್ಲ. ಕೆಳಗೆ ಸರಿಸುತ್ತ ಹೋದೆ. ನೀರಿಗಿಳಿಯದವರಿಗೆ ಅಂತ ಬೇರೆ ವಿಭಾಗವಿತ್ತು. ಹಳೇ ಕೋಟೆ, ರಮ್ ಕಾರ್ಖಾನೆ, ಚಿಟ್ಟೆಗಳ ತೋಟ. ಕಡೆಯಲ್ಲಿ, ಆ ಊರಿನವರ ಮನೆಯಲ್ಲಿ ಅಡುಗೆ ನೋಡಿ ಊಟ ಮಾಡುವುದು.

“ಯಾರ ಮನೇಲಿ?” ಅಂದಳು ಅಮ್ಮ.

“ಅಲ್ಲಿಯ ಒಬ್ಬ ಹೆಂಗಸಿನ ಮನೇಲಿ.”

“ನಾವ್ಯಾರು ಅಂತ್ಲೇ ಗೊತ್ತಿಲ್ದೆ ಊಟಕ್ಕೆ ಕರೀತಾರಾ?”

“ದುಡ್ಡು ಕೊಟ್ಟಿರ್ತೀವಮ್ಮ.”

“ಆದ್ರೂ ಮನೆ ಅಂದ್ರೆ ಮನೇನೇ. ಬರಿಗೈಲಿ ಹೋಗ್ಬಾರ್ದು ಕಣೆ.” ಸೂಟ್‌ಕೇಸಿನ ತಳದಿಂದ ಕಡಲೆಬೀಜದ ಚಿಕ್ಕಿಯ ಪ್ಯಾಕೆಟ್ ಒಂದನ್ನು ತೆಗೆದು ಕೈಚೀಲಕ್ಕೆ ಹಾಕಿಕೊಂಡಳು. ಅಮೆರಿಕಕ್ಕೆ ಅದೇ ಮೊದಲ ಸಲ ಬಂದಿದ್ದಳು. ಇಷ್ಟು ಉತ್ಸಾಹದಿಂದ ಅವಳು ಎಲ್ಲಿಗೂ ಹೊರಟದ್ದನ್ನು ನಾನು ಕಂಡಿರಲಿಲ್ಲ.

ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಪುಕ್ಕಟೆ ಸಿಕ್ಕಿದ್ದಲ್ಲ ಅದು. ಹಾಸನದಲ್ಲಿ ಓದುವಾಗ ಯಾರಾದರೂ ನಿಮ್ಮ ತಾಯಿ ಏನು ಮಾಡುತ್ತಾರೆ ಎಂದರೆ ಮಾತು ಮರೆಸುತ್ತಿದ್ದೆ. ಇಲ್ಲಿಗೆ ಬರಲು ಹೊರಟಾಗ ತಿಳಿಯಿತು, ನನ್ನಂಥವರಿಗೆ ಈ ದೇಶದಲ್ಲಿ ಒಂದು ಹೆಸರೇ ಇದೆ, ‘ಫಸ್ಟ್ ಜೆನ್’, ಓದಿದ ಮೊದಲ ತಲೆಮಾರು ಎಂದು. ಅದಕ್ಕೆ ಚಪ್ಪಾಳೆಯೂ ಇದೆ. ಎಂ.ಎಸ್.ಗೆ ಅಪ್ಲೈ ಮಾಡುವಾಗ ಪ್ರಬಂಧದಲ್ಲಿ ಬರೆದೆ. ನಾನು ಕೆಲಸ ಮಾಡುವ ಡೌನರ್ಸ್ ಗ್ರೋವ್‌ನ ಆಫೀಸಿನಲ್ಲಿ ಹೊಸದಾಗಿ ಸೇರಿದವರ ಮುಂದೆ ಹೇಳಿದೆ. ಕನ್ನಡದವರ ಮಹಿಳಾ ದಿನಾಚರಣೆಯಲ್ಲಿ ಮೈಕ್ ಹಿಡಿದು ಹೇಳಿದೆ. ‘ನನ್ನ ತಾಯಿ ಕಂಡವರ ಮನೆಯ ಪಾತ್ರೆ ತಿಕ್ಕಿ ನನ್ನನ್ನು ಓದಿಸಿದಳು.’ ಈ ವಾಕ್ಯಕ್ಕೆ ಮುಂಚೆ ಎಷ್ಟು ಹೊತ್ತು ಸುಮ್ಮನಿರಬೇಕು, ಎಲ್ಲಿ ದನಿ ತಗ್ಗಿಸಬೇಕು ಎಂಬುದೆಲ್ಲ ನನಗೆ ರೂಢಿಯಾಗಿಹೋಗಿತ್ತು. ಸುಳ್ಳೇನೂ ಹೇಳುತ್ತಿರಲಿಲ್ಲ. ಹೆಮ್ಮೆಯಿಂದಲೇ ಹೇಳುತ್ತಿದ್ದೆ. ಅಮ್ಮನಿಗೆ ಗೌರವ ಕೊಡುತ್ತಿದ್ದೇನೆ ಎಂದೇ ನಂಬಿದ್ದೆ.

ಆ ರಾತ್ರಿ ಹಡಗಿನ ಊಟದ ಮೇಜಿನಲ್ಲೂ ಹೇಳಿದೆ. ನಮ್ಮ ಜೊತೆ ಬಂದಿದ್ದವರು ನಾರ್ತ್‌ವಿಲ್‌ನ ದಂಪತಿ, ನನ್ನ ಗಂಡನ ಕಾಲೇಜಿನ ಗೆಳೆಯ ಮತ್ತು ಅವರ ಹೆಂಡತಿ. ಆಕೆಯ ಕಣ್ಣು ತುಂಬಿತು. “ಆಂಟಿ, ನೀವು ನಿಜವಾಗ್ಲೂ ಗ್ರೇಟ್,” ಅಂತ ಅಮ್ಮನ ಕೈ ಹಿಡಿದುಕೊಂಡಳು. ಅಮ್ಮ ಇನ್ನೊಂದು ಕೈಯಲ್ಲಿ ಮೇಜಿನ ಬಟ್ಟೆಯ ಮೇಲೆ ಬಿದ್ದಿದ್ದ ಬ್ರೆಡ್ಡಿನ ಚೂರುಗಳನ್ನು ಗುಡ್ಡೆ ಮಾಡುತ್ತಿದ್ದಳು. ಸಂಕೋಚ ಅಂದುಕೊಂಡೆ.

ಮರುದಿನ ಬೆಳಿಗ್ಗೆ ಗಂಡಸರು, ಎರಡೂ ಮನೆಯ ಮಕ್ಕಳು ಈಜುಡುಗೆ ಹಾಕಿಕೊಂಡು ದೋಣಿ ಹತ್ತಿದರು. ನಾರ್ತ್‌ವಿಲ್‌ನ ಆಕೆಗೆ ಕಿವಿನೋವಿತ್ತು, ನಮ್ಮ ಜೊತೆ ಬಂದಳು. ಒಂದು ವ್ಯಾನು, ಅದರಲ್ಲಿ ನಾವು ಮೂವರು ಮತ್ತು ಹಡಗಿನ ಇನ್ನೂ ಕೆಲವರು, ಹೆಚ್ಚಿನವರು ವಯಸ್ಸಾದ ಅಮೆರಿಕನ್ನರು. ಗುಡ್ಡದ ಮೇಲೆ ಹಳದಿ ಬಣ್ಣದ ಮನೆ. ಬಾಗಿಲಲ್ಲಿ ದಪ್ಪನೆಯ ಹೆಂಗಸೊಬ್ಬಳು ಏಪ್ರನ್ ಕಟ್ಟಿಕೊಂಡು ನಿಂತಿದ್ದಳು.

ಅಮ್ಮ ಚಪ್ಪಲಿ ಬಿಟ್ಟು ಒಳಗೆ ಹೋಗಿ ಎರಡೂ ಕೈಯಲ್ಲಿ ಚಿಕ್ಕಿಯ ಪ್ಯಾಕೆಟ್ ಕೊಟ್ಟಳು. ಬೇರೆ ಯಾರೂ ಏನೂ ತಂದಿರಲಿಲ್ಲ. ಆ ಹೆಂಗಸು ಪ್ಯಾಕೆಟ್ಟನ್ನು ಎದೆಗೊತ್ತಿಕೊಂಡು ನಕ್ಕು, ಅಮ್ಮನ ತೋಳು ಹಿಡಿದು ಕರೆದೊಯ್ದು ಮೇಜಿನ ಆ ಕೊನೆಗೆ, ಮನೆಯ ಹಿರಿಯರ ಜಾಗದಲ್ಲಿದ್ದ ಕೈಕುರ್ಚಿಯಲ್ಲಿ ಕೂರಿಸಿದಳು. ಅಮ್ಮ ಮೊದಲು ಕುರ್ಚಿಯ ತುದಿಯಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಹಿಂದಕ್ಕೆ ಒರಗಿದಳು.

ಅಡುಗೆ ನಡೆಯಿತು. ಬಾಳೆಕಾಯಿ ಕರಿದರು, ಕೆಸುವಿನ ಸೊಪ್ಪಿನಂಥದ್ದನ್ನು ಬೇಯಿಸಿ ಮಸೆದರು, ಅನ್ನಕ್ಕೆ ಹಸಿ ಕಾಳು ಹಾಕಿದರು. “ತೊಗರಿಕಾಳು ಕಣೆ! ಇಲ್ಲೂ ತಿಂತಾರೆ!” ಅಮ್ಮ ನನ್ನ ಮಂಡಿ ತಟ್ಟಿದಳು. ಆ ಹೆಂಗಸು ಕಲಸಲು ಯಾರು ಬರುತ್ತೀರಿ ಎಂದಾಗ ಅಮೆರಿಕನ್ನರು ನಗುತ್ತ ಎದ್ದು ಹೋದರು. ಅಮ್ಮ ಏಳಲಿಲ್ಲ.

“ನೀನೂ ಹೋಗಮ್ಮ.”

“ಬ್ಯಾಡ ಮಗ. ಇವತ್ತೊಂದಿನ ಕೂತ್ಕೊಂಡು ನೋಡ್ತೀನಿ.”

ಬಡಿಸಿದ್ದನ್ನೆಲ್ಲ ತಿಂದಳು. ಇನ್ನೊಂದು ಸಲ ಹಾಕಲೇ ಎಂದು ಆ ಹೆಂಗಸು ಸನ್ನೆ ಮಾಡಿದರೆ, ಹಾಕು ಎಂದು ತಟ್ಟೆ ಮುಂದೆ ಮಾಡಿದಳು. ಊರಲ್ಲಿ ಯಾರ ಮನೆಯಲ್ಲಿ ಊಟಕ್ಕೆ ಕೂತರೂ ಎರಡನೇ ಸಲಕ್ಕೆ ತಟ್ಟೆಗೆ ಅಡ್ಡ ಕೈ ಹಿಡಿಯುವವಳು ಅವಳು.

ಊಟ ಮುಗಿಯಿತು. ಅಮ್ಮ ತನ್ನ ತಟ್ಟೆ ಎತ್ತಿಕೊಂಡು ಎದ್ದು ನಿಂತಳು. ತಿಂದ ತಟ್ಟೆ ಬಿಟ್ಟು ಏಳುವ ಅಭ್ಯಾಸ ನಮ್ಮಲ್ಲಿ ಯಾರಿಗೂ ಇಲ್ಲ, ಅಷ್ಟೇ. ಪಕ್ಕದಲ್ಲಿದ್ದ ನಾರ್ತ್‌ವಿಲ್‌ನ ಆಕೆ ಫೋನಿನಲ್ಲಿ ಹೊರಗಿನ ನೋಟದ ಫೋಟೊ ತೆಗೆಯುವ ಅವಸರದಲ್ಲಿದ್ದಳು. ತನ್ನ ತಟ್ಟೆಯನ್ನು ಅಮ್ಮನ ತಟ್ಟೆಯ ಮೇಲಿಟ್ಟಳು.

“ಆಂಟಿ, ಇದನ್ನೂ ಹಂಗೇ ತಗೊಂಡ್ಬಿಡಿ ಪ್ಲೀಸ್. ನಿಮಗೆ ಅಭ್ಯಾಸ ಅಲ್ವಾ!”

ನಕ್ಕೇ ಅಂದಳು. ಕೆಟ್ಟವಳಲ್ಲ ಅವಳು, ಇವತ್ತಿಗೂ ಹೇಳುತ್ತೇನೆ. ಸಲಿಗೆ ಅಂದುಕೊಂಡಳು. ಆ ಸಲಿಗೆಯನ್ನು ಹಿಂದಿನ ರಾತ್ರಿ ಅವಳ ಕೈಗೆ ಕೊಟ್ಟವಳು ನಾನು.

ಅಮ್ಮನ ಇನ್ನೊಂದು ಕೈ ತಾನಾಗಿಯೇ ತಟ್ಟೆಯ ಕೆಳಗೆ ಬಂದು ಭಾರ ಹಿಡಿಯಿತು. ಸೀರೆಯುಟ್ಟ ಹೆಂಗಸು ತಟ್ಟೆ ಹಿಡಿದು ನಿಂತಿರುವುದನ್ನು ಕಂಡು ಎದುರಿಗಿದ್ದ ಮುದುಕ “ಥ್ಯಾಂಕ್ ಯೂ, ಮ್ಯಾಮ್” ಎಂದು ತನ್ನದನ್ನೂ ಇಟ್ಟ. ಅವನ ಹೆಂಡತಿಯೂ ಇಟ್ಟಳು. ಅಮ್ಮ ಬೇರೆ ಯಾರನ್ನೂ ನೋಡಲಿಲ್ಲ, ನನ್ನನ್ನು ನೋಡಿದಳು. ನಾನು ಎದ್ದು ಆ ತಟ್ಟೆಗಳನ್ನು ಇಸಿದುಕೊಳ್ಳಬೇಕಿತ್ತು. ಎದ್ದರೆ ಎಲ್ಲರಿಗೂ ತಿಳಿದುಬಿಡುತ್ತದೆ ಎನ್ನಿಸಿತು. ಮೈಕಿನಲ್ಲಿ ಕೂಗಿ ಹೇಳಿದ್ದು ಎದುರಿಗೆ ಬಂದು ನಿಂತಾಗ ನಾನು ನೀರಿನ ಲೋಟ ಎತ್ತಿ ಕುಡಿಯತೊಡಗಿದೆ.

ಒಲೆಯ ಕಡೆಯಿಂದ ಆ ಮನೆಯಾಕೆ ಓಡಿಬಂದಳು. “ನೋ ನೋ, ಮಮ್ಮಾ, ಸಿಟ್, ಸಿಟ್!” ಎಂದು ತಟ್ಟೆಗಳನ್ನೆಲ್ಲ ಕಿತ್ತುಕೊಂಡಳು. ಅಮ್ಮನಿಗೆ ಸಿಟ್ ಎನ್ನುವುದು ಅರ್ಥವಾಗುತ್ತದೆ. ಕೂತಳು. ಆದರೆ ಆ ಕೈಕುರ್ಚಿಗೆ ಹೋಗಲಿಲ್ಲ. ಬಾಗಿಲ ಪಕ್ಕ ಒಂದು ಮರದ ಸ್ಟೂಲ್ ಇತ್ತು, ಚಪ್ಪಲಿಗಳ ಹತ್ತಿರ. ವ್ಯಾನು ಹೊರಡುವ ತನಕ ಅಲ್ಲಿಯೇ ಇದ್ದಳು.

ಹಿಂದಿರುಗುವಾಗ ನಾರ್ತ್‌ವಿಲ್‌ನ ಆಕೆ ಮುಂದಿನ ಸೀಟಿನಲ್ಲಿ ಕಿವಿಗೆ ಬಟ್ಟೆ ಒತ್ತಿಕೊಂಡು ನಿದ್ದೆ ಹೋಗಿದ್ದಳು.

“ಅಮ್ಮ, ಅವಳು ಬೇಕೂಂತ ಹೇಳಿದ್ದಲ್ಲ.”

“ಅವಳ ಮಾತು ಬಿಡು. ಅವಳಿಗೇನು ಗೊತ್ತು?”

“ನಿನ್ನ ಬಗ್ಗೆ ನಂಗೆ ಹೆಮ್ಮೆ. ಅದಕ್ಕೇ ಎಲ್ರಿಗೂ ಹೇಳ್ತೀನಿ.”

“ಹೇಳು. ನೀನು ಓದಿದ್ದು ಹೇಳು, ಪಾಸಾಗಿದ್ದು ಹೇಳು. ಯಾರು ಬ್ಯಾಡ ಅಂತಾರೆ?” ಕಿಟಕಿಯ ಆಚೆ ಸಮುದ್ರ ಕಾಣುತ್ತಿತ್ತು. “ನಂದು ಯಾಕೆ ಹೇಳ್ತೀಯ? ನಾನು ತಿಕ್ಕಿ ಮುಗಿಸಿ ಬಂದಾಯ್ತಲ್ಲ. ಇಷ್ಟು ದೂರದ ಊರಿಗೆ ಬಂದ್ರೆ ಯಾರಿಗೂ ಗೊತ್ತಿರಲ್ಲ ಅಂದ್ಕೊಂಡಿದ್ದೆ.”

ಮುಂದಿನ ದ್ವೀಪದಲ್ಲಿ ಅವಳು ಹಡಗಿನಿಂದ ಇಳಿಯಲಿಲ್ಲ. ಕಾಲುನೋವು ಎಂದಳು. ನನ್ನ ಗಂಡ ನಂಬಿದರು.

ಮನೆಗೆ ಬಂದು ಕೆಲವು ವಾರಗಳ ಮೇಲೆ ಸ್ಕೋಕಿಯಲ್ಲಿರುವ ಆಫೀಸಿನ ಗೆಳತಿಯೊಬ್ಬಳ ಮನೆಗೆ ಸತ್ಯನಾರಾಯಣ ಪೂಜೆಗೆ ಹೋದೆವು. ಗೆಳತಿಯ ಅತ್ತೆ, ಮೈಸೂರಿನವರು, ಅಮ್ಮನ ಪಕ್ಕ ಸೋಫಾದಲ್ಲಿ ಕೂತರು. ಮಾತಿಗೆ ಮಾತು ಬೆಳೆಯಿತು. ಮಂಡಿನೋವು, ಇಲ್ಲಿಯ ಚಳಿ, ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮೊಮ್ಮಕ್ಕಳು. ಗೆಳತಿ ಸಜ್ಜಿಗೆಯ ಬಟ್ಟಲು ಹಿಡಿದು ಬಡಿಸುತ್ತ ಬರುತ್ತಿದ್ದಳು.

“ಊರಲ್ಲಿ ನೀವು ಏನು ಮಾಡ್ಕೊಂಡಿದ್ರಿ?” ಎಂದರು ಅತ್ತೆ.

ಅಮ್ಮ ಉತ್ತರಿಸುವ ಮುಂಚೆ ನನ್ನ ಕಡೆ ತಿರುಗಿದಳು. ಇಲ್ಲಿ ಎಷ್ಟು ಹೇಳಿದ್ದೀಯ ಎಂದು ಕೇಳುವ ನೋಟ ಅದು. ನಾನು, ಏನೂ ಹೇಳಿಲ್ಲ ಎಂದು ಸಣ್ಣಗೆ ತಲೆಯಾಡಿಸಿದೆ.

“ಏನಿಲ್ಲ. ಮನೇಲೇ ಇದ್ದೆ,” ಅಂದಳು ಅಮ್ಮ.

ಗೆಳತಿಯ ಚಮಚ ಬಟ್ಟಲಿನ ಮೇಲೆ ಒಂದು ಕ್ಷಣ ನಿಂತಿತು. ಆಫೀಸಿನ ಊಟದ ಹೊತ್ತಿನಲ್ಲಿ ಅವಳಿಗೂ ಹೇಳಿದ್ದೆ, ಎಂದಿನ ಜಾಗದಲ್ಲಿ ನಿಲ್ಲಿಸಿ, ಎಂದಿನ ಜಾಗದಲ್ಲಿ ದನಿ ತಗ್ಗಿಸಿ. ಅವಳು ನನ್ನನ್ನು ನೋಡಿದಳು. ಆಮೇಲೆ ಅಮ್ಮನ ಅಂಗೈಗೆ ಸಜ್ಜಿಗೆ ಹಾಕಿ, “ಇನ್ನೊಂಚೂರು ತಗೊಳ್ಳಿ ಆಂಟಿ,” ಎಂದು ಬೇಕಾದ್ದಕ್ಕಿಂತ ಮೆತ್ತಗೆ ಹೇಳಿದಳು.

ಅಮ್ಮ ಆ ಮೆತ್ತನೆಯ ದನಿಯನ್ನು ಕೇಳಿಸಿಕೊಂಡಳು. ಗೆಳತಿಗೂ ಹೇಳಿದ್ದೇನೆಂದು ಅವಳಿಗೆ ಅರ್ಥವಾಯಿತು. ಮತ್ತೆ ನನ್ನ ಕಡೆ ತಿರುಗಲಿಲ್ಲ.